ಹಾದಿ ಬೇರೆ, ವಸ್ತು ಬೇರೆ

ಕಡತಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸಾಗಿಸಿದ ಮೇಲೂ ವಿಂಡೋಸ್‌ನ ಶಾರ್ಟ್‌ಕಟ್ ಸಾಮಾನ್ಯವಾಗಿ ಹಳೆಯ ಜಾಗದಲ್ಲೇ ಹುಡುಕುತ್ತದೆ. ಅದರೊಳಗಿರುವುದು ಕಡತವಲ್ಲ, ಕಡತದ ಹಾದಿ. ಹಾಗಾದರೆ ಜಾಗ ಬದಲಾದ ವಸ್ತು ಅದೇ ವಸ್ತುವೇ? ಪದದ ಅರ್ಥದಲ್ಲಿ ಒಂದು ಭಾಗವನ್ನು ಬಿಟ್ಟು ಉಳಿದುದನ್ನು ಹಿಡಿಯುವ ಭಾಗತ್ಯಾಗ ಲಕ್ಷಣೆಗೆ ವೇದಾಂತಿಗಳು ಕೊಡುವ ‘ಇವನೇ ಆ ದೇವದತ್ತ’ ಎಂಬ ಉದಾಹರಣೆ ಅಂದಿನ ದೇಶಕಾಲ, ಇಂದಿನ ದೇಶಕಾಲ ಎರಡನ್ನೂ ಬಿಟ್ಟು ವ್ಯಕ್ತಿಯನ್ನಷ್ಟೇ ಹಿಡಿಯುತ್ತದೆ. ಶಾರ್ಟ್‌ಕಟ್‌ಗೆ ಹಾಗೆ ಬಿಡಲು ಬಾರದು.

ಡ್ರೈವ್ ಬದಲಾಗುವಾಗ ನಡೆಯುವುದು ನಕಲು ಮತ್ತು ಅಳಿಸುವಿಕೆ, ಆದ್ದರಿಂದ ಇದು ಬೇರೆಯದೇ ವಸ್ತು ಎಂದು, ಯಾವ ವಸ್ತುವೂ ಒಂದು ಕ್ಷಣಕ್ಕಿಂತ ಹೆಚ್ಚು ಉಳಿಯದೆನ್ನುವ ಕ್ಷಣಿಕವಾದಿ ಬೌದ್ಧರು ಆಕ್ಷೇಪಿಸಬಹುದು. ಆ ಮಾತಿಗೆ ತೂಕವಿದೆ. ಆದರೆ ನಾವು ಉಳಿಸಿಕೊಳ್ಳಬಯಸಿದ್ದು ಬರಹವನ್ನು, ಡಿಸ್ಕಿನ ಮೇಲಿನ ಗುರುತುಗಳನ್ನಲ್ಲ. ಬರಹ ಒಂದಕ್ಷರವೂ ಬದಲಾಗದೆ ಉಳಿದಿದೆ. ಆದ್ದರಿಂದ ಕಡತ ಕಳೆದುಹೋಯಿತೆಂದು ದುಃಖಿಸಬೇಡಿ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್‌ನಲ್ಲಿ ಹೊಸ ಹಾದಿ ಬರೆಯಿರಿ. ಡಾಕ್ಯುಮೆಂಟ್ಸ್‌ನಂಥ ಫೋಲ್ಡರನ್ನು ಸಾಗಿಸುವುದಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿರುವ ಲೊಕೇಶನ್ ಟ್ಯಾಬಿನ ಮೂಲಕವೇ ಸಾಗಿಸಿ.