ದೇವರ ಮುಂದಿನ ಚೀಟಿ

ಅಪ್ಪ, ದೊಡ್ಡಪ್ಪ ಹಿಸೆಯಾದ ದಿನ ದೇವರ ಮುಂದೆ ಎರಡು ಚೀಟಿ ಇಟ್ಟು ಮನೆಯ ಸಣ್ಣ ಮಗುವಿನ ಕೈಯಲ್ಲಿ ಎತ್ತಿಸಿದ್ದರು. ಆ ಮಗು ನಾನು. ದೊಡ್ಡಪ್ಪನಿಗೆ ಎತ್ತರದ ಮಕ್ಕಿ ಗದ್ದೆ ಬಂತು, ಅಪ್ಪನಿಗೆ ಗಂಗಾವಳಿ ಹೊಳೆಯ ದಂಡೆಯ ಗಜನಿ, ಉಪ್ಪುನೀರು ತಾಗುವ ತಗ್ಗು ಗದ್ದೆ. ಒಡ್ಡು ಹರಿದು ಉಪ್ಪುನೀರು ನುಗ್ಗಿದ ವರ್ಷ ಮನೆಗೆ ಕಾಳು ಬರುತ್ತಿರಲಿಲ್ಲ. "ಪ್ರಾರಬ್ಧ" ಎನ್ನುತ್ತಿದ್ದಳು ಅವ್ವ. ನನ್ನ ಬೆರಳು ಮುಟ್ಟಿದ ಚೀಟಿಗೆ ಅಪ್ಪನ ಹಿಂದಿನ ಜನ್ಮದ ಪಾಪ ಹೇಗೆ ಅಂಟಿಕೊಂಡಿತ್ತು? ಈ ಪ್ರಶ್ನೆ ನನ್ನನ್ನು ಬಿಟ್ಟಿದ್ದೇ ಇಲ್ಲ.

ಹತ್ತೊಂಬತ್ತಕ್ಕೆ ಅಂಕೋಲಾ ಬಿಟ್ಟು ಬೆಂಗಳೂರಿನ ರೇಸ್ ಕೋರ್ಸಿನ ಲಾಯದಲ್ಲಿ ಸೈಸ್ ಆದೆ. 14 ವರ್ಷ ಕುದುರೆಗಳ ಮೈ ತಿಕ್ಕಿದೆ. ಯಾವ ಕುದುರೆ ಯಾವ ಗೇಟಿನಿಂದ ಹೊರಡಬೇಕೆಂದು ಅಲ್ಲಿ ಡ್ರಾ ಮಾಡುತ್ತಾರೆ. ಅದೂ ಚೀಟಿ ಎತ್ತಿದ ಹಾಗೇ. ಒಳಕಂಬಿಗೆ ಹತ್ತಿರದ್ದು ಒಂದನೇ ಗೇಟು. ತಿರುವಿನಲ್ಲಿ ಹೊರಗಿದ್ದ ಕುದುರೆ ಹೆಚ್ಚು ನೆಲ ತುಳಿಯಬೇಕು: ಅರ್ಧವೃತ್ತದ ತಿರುವಿನಲ್ಲಿ ಮೂರು ಮೀಟರ್ ಹೊರಗಿದ್ದರೆ ಒಂಬತ್ತು ಮೀಟರಿಗೂ ಮಿಕ್ಕಿ ಓಟ, ಅಂದರೆ ಸುಮಾರು ನಾಲ್ಕು ಕುದುರೆಯುದ್ದ. ಮೂಗಿನಷ್ಟು ಅಂತರದಲ್ಲಿ ಸೋಲುವ ಆಟದಲ್ಲಿ ಅದು ಬೆಟ್ಟದಷ್ಟು. ಹಾಗಂತ ಒಳಗಿನ ಗೇಟು ವರವೂ ಅಲ್ಲ. ಮೊದಲ ನೆಗೆತದಲ್ಲಿ ತಡವಾಯಿತೋ, ಮುಂದೊಂದು, ಪಕ್ಕಕ್ಕೊಂದು ಕುದುರೆ ಗೋಡೆಯಾಗಿ ನಿಲ್ಲುತ್ತವೆ. ಕಾಲಲ್ಲಿ ಕಸುವಿದ್ದೂ ದಾರಿಯಿಲ್ಲ. ಹೊರಗಿನ ಜಾಕಿ ಕುದುರೆಯ ಉಸಿರನ್ನು ಖರ್ಚು ಮಾಡಿ ಮುಂದೆ ಹಾರುತ್ತಾನೆ, ಇಲ್ಲವೇ ಲಗಾಮು ಬಿಗಿದು ಎಲ್ಲರನ್ನೂ ಮುಂದೆ ಬಿಟ್ಟು ಮೆಲ್ಲಗೆ ಕಂಬಿಯತ್ತ ಇಳಿಯುತ್ತಾನೆ. ಅಮೆರಿಕದಲ್ಲಿ ನಡೆಯುವ ಕೆಂಟಕಿ ಡರ್ಬಿಯ 2022ರ ಓಟದಲ್ಲಿ 20 ಕುದುರೆಗಳ ಪೈಕಿ ತೀರ ಹೊರಗಿನಿಂದ ಹೊರಟ ರಿಚ್ ಸ್ಟ್ರೈಕ್ ಹೀಗೇ ಕಂಬಿಯ ಪಕ್ಕದಲ್ಲಿ ನುಗ್ಗಿ ಗೆದ್ದಿತು.

ಕೆಲಸವೊಂದು ಆಗಲು ಐದು ಕಾರಣ ಎನ್ನುತ್ತದೆ ಗೀತೆಯ 18ನೇ ಅಧ್ಯಾಯ: ನೆಲೆ, ಮಾಡುವವನು, ಸಲಕರಣೆ, ಪ್ರಯತ್ನ, ಐದನೆಯದು ದೈವ. ಗೇಟನ್ನು ನಾನು ದೈವದ ಲೆಕ್ಕಕ್ಕೆ ಹಾಕಿದ್ದೆ. ಗಜನಿಯಲ್ಲಿ ಕಗ್ಗ ಬಿತ್ತಿದ ಅಪ್ಪ ನನಗೆ ಒಳ್ಳೆಯ ಜಾಕಿಯಂತೆ ಕಂಡಿದ್ದ. ಉಪ್ಪು ತಾಳುವ ಭತ್ತ, ಗೊಬ್ಬರ ಕೇಳದ ಭತ್ತ. ಬಂದ ಗೇಟಿಗೆ ತಕ್ಕ ಓಟ. ಅಷ್ಟಕ್ಕೇ ಸಮಾಧಾನಪಟ್ಟುಕೊಂಡಿದ್ದೆ.

ಆ ಸಮಾಧಾನ ಕೆಡಿಸಿದ್ದೂ ಕೆಂಟಕಿಯೇ. ಅಲ್ಲಿ 14 ಕುದುರೆಗಳ ಗೇಟಿನ ಪಕ್ಕಕ್ಕೆ 6ರ ಇನ್ನೊಂದು ಗೇಟು ನಿಲ್ಲಿಸುತ್ತಿದ್ದರು. ಅಷ್ಟುದ್ದ ಹಿಡಿಸಲು ಹೋಗಿ ಒಂದನೇ ಕುದುರೆಯ ಮೂತಿ ಕಂಬಿಗೇ ಎದುರಾಗುತ್ತಿತ್ತು. 1986ರಲ್ಲಿ ಫರ್ಡಿನೆಂಡ್ ಗೆದ್ದ ಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಆ ಗೇಟಿನಿಂದ ಹೊರಟ ಯಾವ ಕುದುರೆಯೂ ಗೆಲ್ಲಲಿಲ್ಲ. 2020ರಲ್ಲಿ 20 ಕುದುರೆಗೂ ಒಂದೇ ಗೇಟು ಮಾಡಿಸಿ, ಒಂದನೆಯದನ್ನು ಕಂಬಿಯಿಂದ ದೂರ ಸರಿಸಿದರು. ಅಷ್ಟು ವರ್ಷದ ದುರದೃಷ್ಟದಲ್ಲಿ ಎಷ್ಟೋ ಪಾಲು ಕಬ್ಬಿಣದ ಜೋಡಣೆಯದಾಗಿತ್ತು!

ಅದೇ 1986ರಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಅದಕ್ಕಾಗಿ ಕಾರವಾರ, ಅಂಕೋಲಾ ಕಡಲಂಚಿನ ಊರುಗಳು ತೆರವಾದವು. ಪುನರ್ವಸತಿ ಕಾಲನಿಯಲ್ಲಿ ಒಬ್ಬ ಅಜ್ಜಿ, "ಹಣೇಲಿ ಬರದಿತ್ತು ತಮಾ" ಎಂದಾಗ ನನಗೆ ಹೂಂ ಎನ್ನಲಾಗಲಿಲ್ಲ. ನಾನು ದೇವರನ್ನು ನಂಬುವವನು. ಆದರೆ ಮನುಷ್ಯ ಗೆರೆ ಎಳೆದ ನಕ್ಷೆಯನ್ನು ದೇವರ ಕೈಬರಹ ಎಂದರೆ ಅದು ದೇವರ ಮೇಲೆ ಹೊರಿಸುವ ಸುಳ್ಳು. ಚೀಟಿ ಯಾರ ಯೋಗ್ಯತೆಯನ್ನೂ ಹೇಳುವುದಿಲ್ಲ. ನಮ್ಮ ಹಿಸೆಯಲ್ಲೂ ಚೀಟಿ ಎತ್ತುವ ಮೊದಲೇ ಎರಡು ಪಾಲು ಸಮವಿರಲಿಲ್ಲವಲ್ಲ, ಅದನ್ನು ಆ ದಿನ ಯಾರೂ ಕೇಳಿರಲಿಲ್ಲ.

ಹೋದ ಮೇ ತಿಂಗಳಲ್ಲಿ ಊರಿನಲ್ಲಿ ನಮ್ಮ ಗಜನಿಯ ಒಡ್ಡಿಗೆ ಮಣ್ಣು ಹಾಕುತ್ತಿದ್ದೆ. ಮಕ್ಕಿ ಗದ್ದೆಯ ದೊಡ್ಡಪ್ಪನ ಮಗ ಕರೆಯದೆಯೇ ಗುದ್ದಲಿ ಹಿಡಿದು ಬಂದ. ಮಧ್ಯಾಹ್ನದವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ನೀರು ಬಿಡುವ ಬಾಗಿಲನ್ನು ಬಹಳ ಹೊತ್ತು ನೋಡಿ ಕೇಳಿದ: "ಇದನ್ನೇ ನಾಲ್ಕು ಮಾರು ಮೇಲೆ ಸರಿಸಿ ಕೂಡ್ಸಿದ್ರೆ ಆಗೂದಿಲ್ವಾ, ತಮಾ?"