ಬೀಗವಿಲ್ಲದ ಪೆಟ್ಟಿಗೆ

ಹಣ ತೆತ್ತು ಕೊಂಡ ವಸ್ತು ಯಾರದು? ಕೊಂಡವನದು ಎಂದು ನೀವು ಥಟ್ಟನೆ ಉತ್ತರಿಸುವಿರಿ. ಹರಿಹರ ತಾಲ್ಲೂಕಿನ ಕೊಕ್ಕನೂರಿನ ರೈತನಾದರೆ ತುಸು ಯೋಚಿಸಿಯಾನು. ತನ್ನ ಗದ್ದೆಯ ಭತ್ತದಲ್ಲಿ ಒಂದಿಷ್ಟನ್ನು ಬೀಜಕ್ಕೆಂದು ತೆಗೆದಿರಿಸಿ ಮರುವರ್ಷ ಬಿತ್ತಬಹುದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಆ ಹಕ್ಕನ್ನು ಮಾನ್ಯ ಮಾಡಿದೆ. ಸಂಕರಣ ಮೆಕ್ಕೆಜೋಳದ ಬೀಜವನ್ನಾದರೋ ವರ್ಷವರ್ಷವೂ ಅಂಗಡಿಯಿಂದಲೇ ತರಬೇಕು. ಉಳಿಸಿಟ್ಟ ಕಾಳು ಅದೇ ಇಳುವರಿ ಕೊಡದು. ಎರಡಕ್ಕೂ ಬೆಲೆ ತೆತ್ತವನು ಅವನೇ, ಆದರೆ ಎರಡೂ ಒಂದೇ ಬಗೆಯಲ್ಲಿ ಅವನದಲ್ಲ.

ನಮ್ಮ ಯುವಜನರ ವಿಡಿಯೊ ಆಟಗಳಲ್ಲಿಯೂ ಈ ವ್ಯತ್ಯಾಸವಿದೆ. ಆಟಗಾರನ ಕಣ್ಣಿನಿಂದಲೇ ರಣರಂಗವನ್ನು ತೋರಿಸುವ 'ಡೂಮ್' 1993ರಲ್ಲೂ 'ಕ್ವೇಕ್' 1996ರಲ್ಲೂ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯಿಂದ ಬಂದವು. ಕಂಪ್ಯೂಟರುಗಳು ಬದಲಾದಂತೆ ಅಂಥ ಹಳೆಯ ಆಟಗಳನ್ನು ನಡೆಸುವುದು ಕಷ್ಟವಾಯಿತು. ಪೋಲೆಂಡಿನಲ್ಲಿ 2008ರಲ್ಲಿ ಆರಂಭವಾದ 'ಗುಡ್ ಓಲ್ಡ್ ಗೇಮ್ಸ್' ಎಂಬ ಅಂತರ್ಜಾಲ ಮಳಿಗೆ ಅವುಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ, ಬೀಗ ಹಾಕದೆ ಮಾರತೊಡಗಿತು. 'ಕ್ವೇಕ್' 2021ರಲ್ಲಿ, 'ಡೂಮ್' 2024ರಲ್ಲಿ ಹೊಸ ಮೆರುಗಿನೊಂದಿಗೆ ಮರಳಿದವು.

ಬೀಗವೆಂದರೇನು? ಆಟ ತೆರೆಯುವ ಮುನ್ನ ದೂರದ ಕಂಪನಿಯ ಅನುಮತಿ ಕೇಳುವ ಏರ್ಪಾಡು. ಕೀಲಿಕೈ ಬೇರೆಯವರಲ್ಲಿದ್ದರೆ ಏನಾಗುತ್ತದೆಂಬುದನ್ನು ನಾವು ಬಲ್ಲೆವು. 2020ರ ಅಕ್ಟೋಬರ್ 30ರಂದು ನಮ್ಮ ದೇಶದಲ್ಲಿ 'ಪಬ್‌ಜಿ ಮೊಬೈಲ್' ಸೇವೆ ನಿಂತಾಗ, ಫೋನಿನಲ್ಲಿ ಆಟವಿದ್ದೂ ಆಡುವಂತಿರಲಿಲ್ಲ. ಕಾರಣ ಏನೇ ಇರಲಿ, ಕೀಲಿಕೈ ಆಟಗಾರನ ಕೈಯಲ್ಲಿರಲಿಲ್ಲ. ಮಾರುವುದು ಬರಿಯ ಪರವಾನಗಿಯಾಗಿದ್ದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 2025ರಿಂದ ಜಾರಿಯಲ್ಲಿದೆ.

ಬೀಗವಿಲ್ಲದ ಆಟ ಹಾಗಲ್ಲ. ಅದರ ಕಡತವನ್ನು ನಮ್ಮದೇ ಡಿಸ್ಕಿನಲ್ಲಿ ಇರಿಸಿಕೊಳ್ಳಬಹುದು. ಮಾರಿದ ಅಂಗಡಿ ಮುಚ್ಚಿದರೂ ಅದು ತೆರೆಯುತ್ತದೆ. ಆದರೆ ಬೀಜದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರೈತ ನೆರೆಯವನಿಗೂ ಬೀಜ ಕೊಡಬಲ್ಲ. ಆಟದ ಪ್ರತಿಯನ್ನು ಹತ್ತು ಗೆಳೆಯರಿಗೆ ಹಂಚುವ ಹಕ್ಕು ನಮಗಿಲ್ಲ. ಹಂಚಿದರೆ ತಡೆಯುವವರಿಲ್ಲ, ಹಿಡಿಯುವವರೂ ಇಲ್ಲ. ನಿಜವಾದ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತವನನ್ನು ಪ್ರಾಮಾಣಿಕನೆಂದು ಕರೆಯಲಾದೀತೇ? ಅವನು ಪ್ರಾಮಾಣಿಕನೋ ಅಸಹಾಯಕನೋ ಅವನಿಗೇ ತಿಳಿಯದು. ಬೀಗ ತೆಗೆದವನು ನಮ್ಮನ್ನು ನಂಬಿದ್ದಾನೆ. ಆ ನಂಬಿಕೆಗೆ ಯೋಗ್ಯರಾಗಿ ಬಾಳುವುದು ಕಾನೂನಿಗೆ ಅಂಜಿ ಬಾಳುವುದಕ್ಕಿಂತ ಕಠಿಣ. ನಂಬಿದವರನ್ನು ವಂಚಿಸುವವರು ಹೆಚ್ಚಿದಂತೆ ನಂಬುವವರು ಕಡಿಮೆಯಾಗುತ್ತಾರೆ. ಕೊನೆಗೆ ಪ್ರಾಮಾಣಿಕನ ಮನೆಗೂ ಬೀಗ ಬೀಳುತ್ತದೆ.

ಗುಂಡು ಹಾರಿಸುವ ಆಟಕ್ಕೆ ಇಷ್ಟೊಂದು ವಿಚಾರವೇಕೆ ಎಂದು ನೀವು ಕೇಳಬಹುದು. ಅವು ಎಳೆಯರಿಗೆ ತಕ್ಕವಲ್ಲ ಎಂಬುದು ನಿಜ. ಯಾರು ಆಡಬೇಕೆಂಬುದನ್ನು ಹಿರಿಯರು ನಿರ್ಧರಿಸಲಿ. ಆದರೆ ಆತ್ಮಸಾಕ್ಷಿಯ ಪರೀಕ್ಷೆ ದೊಡ್ಡ ಸಂಗತಿಗಳಿಗಾಗಿ ಕಾಯುವುದಿಲ್ಲ. ಮನೆಯ ಮಗನೊಬ್ಬ ಇಂಥ ಆಟವನ್ನು ಪೆನ್‌ಡ್ರೈವಿನಲ್ಲಿ ತಂದಾಗ ಗದರುವ ಬದಲು ಮೆಲ್ಲನೆ ಕೇಳಿ: ಇದರ ಬೆಲೆ ತೆತ್ತವರು ಯಾರು? ಅವನ ಉತ್ತರವನ್ನು ತಾಳ್ಮೆಯಿಂದ ಆಲಿಸಿ. ಬಳಿಕ ಅದೇ ಪ್ರಶ್ನೆಯನ್ನು, ಹಣ ತೆರದೆ ನಮ್ಮ ಫೋನಿಗೆ ಬಂದು ಸೇರಿರುವ ಹಾಡು, ಚಲನಚಿತ್ರಗಳ ಕುರಿತು ನಮಗೆ ನಾವೇ ಕೇಳಿಕೊಳ್ಳೋಣ.