ಅಭಾವದ ಬೆಲೆ ಯಾರು ತೆರಬೇಕು?

ಮರಳಿಲ್ಲ ಅಂತಾರೆ. ಸಿಮೆಂಟಿಲ್ಲ ಅಂತಾರೆ. ಆಮೇಲೆ ಅದೇ ಉಸಿರಿನಲ್ಲಿ ಆಳಿಲ್ಲ ಅಂತಾರೆ. ಮರಳು, ಸಿಮೆಂಟು, ಆಳು ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಈ ಭಾಷೆಯನ್ನು ನಾವು ಮೊದಲು ಪ್ರಶ್ನಿಸಬೇಕಾಗಿದೆ.

ಅಭಾವ ಹೊಸದಲ್ಲ. ಸಿಮೆಂಟಿನ ಮೇಲೆ ಸರ್ಕಾರದ ಹತೋಟಿಯಿದ್ದ ಕಾಲದಲ್ಲಿ ಪರ್ಮಿಟ್ಟು ಇದ್ದವನಿಗೆ ಚೀಲ, ಇಲ್ಲದವನಿಗೆ ಕಾಳಸಂತೆ. 1982ರಲ್ಲಿ ಆ ಹತೋಟಿ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ಮರಳಿನ ಸರದಿ. ಹೊಳೆಯ ಒಡಲನ್ನೇ ಬಗೆದು ಸಾಗಿಸುತ್ತಿದ್ದಾಗ, 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 5 ಹೆಕ್ಟೇರಿಗಿಂತ ಚಿಕ್ಕ ಗಣಿ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. ಸರಿಯಾದ ಮಾತೇ. ಹೊಳೆ ಬತ್ತಿದರೆ ಮೊದಲು ಬಾಯಾರುವುದು ನಮ್ಮ ಕೇರಿಯೇ. ಆದರೆ ಮರಳು ನಿಂತ ದಿನ ಒಲೆ ಆರುವುದೂ ನಮ್ಮ ಕೇರಿಯಲ್ಲೇ ಯಾಕೆ?

ದೊಡ್ಡ ಕಂಪನಿಯವನು ಮುಂಗಡ ಕೊಟ್ಟು ಎಂ-ಸ್ಯಾಂಡ್ ರಾಶಿ ಹಾಕಿಸಿಕೊಳ್ಳುತ್ತಾನೆ. ನಾಲ್ಕು ಜನ ಗಾರೆಯವರನ್ನು, ಆರು ಹೆಣ್ಣಾಳುಗಳನ್ನು ಕಟ್ಟಿಕೊಂಡು ಮನೆ ಕಟ್ಟುವ ಮೇಸ್ತ್ರಿಯದು ಲೋಡಿನಿಂದ ಲೋಡಿಗೆ ಬದುಕು. ಚದರಕ್ಕೆ ಇಷ್ಟು ಅಂತ ಮೊದಲೇ ಮಾತಾಗಿರುತ್ತೆ. ಮರಳಿನ ರೇಟು ಏರಿದರೂ ಮನೆ ಯಜಮಾನ ಬಿಡಿಗಾಸು ಏರಿಸೋದಿಲ್ಲ. ಆಗ ಮೇಸ್ತ್ರಿಗೆ ಎರಡು ದಾರಿ ಕಾಣುತ್ತವೆ. ಮಣ್ಣು ಬೆರೆತ ಮರಳನ್ನೇ ಕಲಸೋದು. ನಾಳೆ ಗೋಡೆ ಬಿರುಕು ಬಿಟ್ಟರೆ ಗಾರೆಯವನ ಕೆಲಸ ಸರಿಯಿಲ್ಲ ಅನ್ನೋದು. ಇಲ್ಲವೇ, ಬುತ್ತಿ ಕಟ್ಟಿಕೊಂಡು ಬಂದವಳಿಗೆ 'ಲೋಡು ಬಂದಿಲ್ಲ ಕಣಕ್ಕ, ನಾಳೆ ಬಾ' ಅನ್ನೋದು. ಅವಳ ಆ ದಿನದ ಕೂಲಿ ಹೋಯಿತು.

'ಮೇಲಿನೋರು ನನ್ನ ಕತ್ತು ಹಿಡಿದವ್ರೆ, ನಾನೇನ್ ಮಾಡ್ಲಿ?' ಅಂತಾನೆ ಮೇಸ್ತ್ರಿ. ಅವನೂ ಬಹಳ ಸಲ ನಮ್ಮವನೇ, ಬಾಂಡ್ಲಿ ಹೊತ್ತು ಮೇಲೆ ಬಂದವನು. ಅವನ ಮಾತು ಸುಳ್ಳಲ್ಲ. ಆದರೆ ಒತ್ತಡ ನಿಜವಾದ ಮಾತ್ರಕ್ಕೆ ಅದನ್ನು ಕೆಳಗೆ ದಾಟಿಸುವ ಹಕ್ಕು ಬರುತ್ತದೆಯೇ? ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಗುರುತಿಸಿದರು. ತುಳಿಸಿಕೊಂಡವನಿಗೂ ತುಳಿಯಲು ಇನ್ನೊಬ್ಬನನ್ನು ಒದಗಿಸುವ ಏರ್ಪಾಡು ಅದು. ಕಟ್ಟಡದಲ್ಲೂ ಇರುವುದು ಅದೇ ಏಣಿ.

2020ರ ಮೇ 5ರಂದು ಕಟ್ಟಡ ಕಂಪನಿಗಳವರು ಮುಖ್ಯಮಂತ್ರಿಯನ್ನು ಕಂಡರು. ಅಂದೇ ರಾಜ್ಯ ಸರ್ಕಾರ, ಊರಿಗೆ ಹೊರಟ ವಲಸೆ ಕೂಲಿಗಳ ರೈಲು ಬೇಡವೆಂದು ರೈಲ್ವೆಗೆ ಬರೆಯಿತು. ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ರೈಲು ಮತ್ತೆ ಹೊರಟವು. ಮನುಷ್ಯರನ್ನೂ ದಾಸ್ತಾನು ಮಾಡಬಹುದೆಂಬ ಯೋಚನೆ ಅದು. ಮರಳು ಒಂದು ವಾರ ಬಿದ್ದಿದ್ದರೂ ಮರಳಾಗೇ ಇರುತ್ತೆ. ಆಳು ಒಂದು ವಾರ ಕೂತರೆ ಮನೆಯಲ್ಲಿ ಮಕ್ಕಳು ಹಸಿದಿರುತ್ತವೆ.

ಕಾನೂನೂ ಈ ಕಾಯುವಿಕೆಯನ್ನು ಕಾಣಲಿಲ್ಲ. ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿರಬೇಕು ಎಂದಿತು 1996ರ ಕಾಯ್ದೆ. ಕೆಲಸಕ್ಕೆ ಬಂದು ವಾಪಸ್ ಹೋದ ದಿನ ಯಾವ ಲೆಕ್ಕದಲ್ಲಿದೆ?

ಅಂದಾಜು ಪಟ್ಟಿಯಲ್ಲಿ ಮರಳಿನ ರೇಟಿನ ಕೆಳಗೆ ಕಾದ ದಿನದ ಕೂಲಿಯನ್ನೂ ಬರೆಯಬೇಕು. ಅದನ್ನು ಮನೆ ಕಟ್ಟಿಸುವವನು ಕೊಡಬೇಕು, ಮೇಸ್ತ್ರಿ ಕೇಳಿ ಪಡೆಯಬೇಕು. ಸಾಲ ಎತ್ತಿ ಮನೆ ಕಟ್ಟಿಸುವ ಮೇಷ್ಟ್ರುಗಳೇ, ಗೆಳೆಯರೇ, ಈ ಮಾತು ನಮಗೂ ಸೇರಿದ್ದು. ಸಮಾನತೆಯ ಭಾಷಣ ಮಾಡುವ ನಾವು ನಮ್ಮ ಮನೆಯ ಪಾಯ ತೆಗೆಸುವಾಗಲೇ ಈ ಲೆಕ್ಕ ಶುರು ಮಾಡೋಣ.